ಗೃಹಿಣಿ ಅಂತ ಬರೆದು ಮುಗಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಕೆಳಗಿನ ಮೂಲೆಯಲ್ಲಿ, ನಿಧನ ವಾರ್ತೆ ಕಾಲಂನಲ್ಲಿ, ನಮ್ಮ ಅತ್ತೆಯವರ ಸುದ್ದಿ ಬಂತು. ನಾಲ್ಕು ಸಾಲು. ಹೆಸರು, ಗುಳೇದಗುಡ್ಡ, 68 ವರ್ಷ, ಗೃಹಿಣಿ. ಪತಿ, ಇಬ್ಬರು ಪುತ್ರರು, ಒಬ್ಬ ಪುತ್ರಿ, ಮೊಮ್ಮಕ್ಕಳು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ. ಅಷ್ಟೇ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಹಾಗೆ ಬರೆದು ಕೊಟ್ಟಿದ್ದು ನಮ್ಮ ಮನೆಯವರೇ, ನಾನೂ ಪಕ್ಕದಲ್ಲೇ ಕೂತಿದ್ದೆ. ಹಾಗಾಗಿ ಇದು ನಿಮ್ಮ ಮೇಲಿನ ದೂರು ಅಂತ ಓದಬೇಡಿ.

ಆದರೆ ಅವತ್ತು ಅದೇ ಕಾಲಂನಲ್ಲಿ ಇನ್ನೂ ಮೂವರ ಸುದ್ದಿ ಇತ್ತು. ಒಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ಜವಳಿ ವ್ಯಾಪಾರಿ, ಇನ್ನೊಬ್ಬರು ಸೊಸೈಟಿಯ ಮಾಜಿ ನಿರ್ದೇಶಕರು. ಸತ್ತ ಮೇಲೂ ಅವರ ಕೆಲಸ ಅವರ ಹೆಸರಿನ ಜೊತೆಗೇ ಇತ್ತು. ನಮ್ಮ ಅತ್ತೆಯ ಹೆಸರಿನ ಮುಂದೆ ಗೃಹಿಣಿ ಅಂತ ಇತ್ತು. ಪೇಪರ್ ಮಡಚಿಟ್ಟು ಒಳಗೆ ಹೋದೆ. ಪಡಸಾಲೆಯಲ್ಲಿ ಅವರ ರಾಟಿ ಹಾಗೇ ಇತ್ತು, ಅದರ ಕದಿರಿಗೆ ಅರ್ಧ ಸುತ್ತಿದ ಕಂಡಿಕೆ, ಅಂದರೆ ಮಗ್ಗದ ಲಾಳಿಯೊಳಗೆ ಹಾಕುವ ಹೊಕ್ಕಿನ (ಅಡ್ಡ ಎಳೆಯ) ನೂಲಿನ ಸುರುಳಿ, ಹಾಗೇ ಇತ್ತು. ಅವತ್ತಿನಿಂದ ಈ ಪತ್ರ ಬರೆಯಬೇಕು ಅಂದುಕೊಂಡು ಬರೆಯದೇ ಬಿಟ್ಟು, ಇವತ್ತು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಜಾಗ ಇದ್ದಷ್ಟು ಹಾಕಿ.

ನಮ್ಮೂರು ಖಣದ ಊರು. ಕುಪ್ಪಸಕ್ಕೆ, ಉಡಿ ತುಂಬಲಿಕ್ಕೆ ಗುಳೇದಗುಡ್ಡದ ಖಣ ಅಂದರೆ ಈ ಕಡೆ ಎಲ್ಲರಿಗೂ ಗೊತ್ತು, ಮಹಾರಾಷ್ಟ್ರದಲ್ಲೂ ಗೊತ್ತು. ತೇರು, ಸೂರ್ಯನಾರಾಯಣ, ಆನೆಹೆಜ್ಜೆ ಅಂತ ಅದರ ಮೇಲಿನ ಚಿತ್ತಾರಕ್ಕೂ ಹೆಸರಿವೆ. ನಮ್ಮ ಮಾವನವರು ಕುಣಿಮಗ್ಗದಲ್ಲಿ ನೇಯುವವರು. ಹೊರಗಿನಿಂದ ಬಂದವರು ಮಗ್ಗದ ಫೋಟೋ ತೆಗೆಯುತ್ತಾರೆ, ಮಾವನವರ ಕಾಲು ಕುಣಿಯಲ್ಲಿ ಹೇಗೆ ಆಡುತ್ತದೆ, ಲಾಳಿ ಹೇಗೆ ಓಡುತ್ತದೆ ಅಂತ ನೋಡುತ್ತಾರೆ. ಆ ಲಾಳಿಯೊಳಗಿನ ಕಂಡಿಕೆ ಎಲ್ಲಿಂದ ಬಂತು ಅಂತ ಯಾರೂ ಕೇಳಿದ್ದು ನಾನು ನೋಡಿಲ್ಲ.

ಅದು ಅತ್ತೆಯ ಕೈಯಿಂದ ಬರುತ್ತಿತ್ತು. ಹದಿನೈದನೇ ವಯಸ್ಸಿಗೆ ಮದುವೆಯಾಗಿ ಈ ಮನೆಗೆ ಬಂದವರು ಐವತ್ತು ವರ್ಷಕ್ಕೂ ಜಾಸ್ತಿ ರಾಟಿ ಮುಂದೆ ಕೂತರು. ಬಲಗೈ ರಾಟಿ ತಿರುಗಿಸುತ್ತಿತ್ತು, ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಓಡುತ್ತಿತ್ತು. ಕಣ್ಣು ಮಾತ್ರ ಬೇರೆಲ್ಲೋ. ಒಲೆಯ ಮೇಲಿನ ಬೇಳೆ ಉಕ್ಕೀತೇ, ಮೊಮ್ಮಗ ಹೊಸ್ತಿಲು ದಾಟಿ ಬೀದಿಗಿಳಿದನೇ, ಬಾಗಿಲಲ್ಲಿ ಯಾರು ನಿಂತರು, ಎಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು. ಎಳೆ ಹರಿದರೆ ಮಾತ್ರ ಬೆರಳಿಗೆ ಗೊತ್ತಾಗುತ್ತಿತ್ತು. ತಕ್ಷಣ ನಿಲ್ಲಿಸಿ, ಎರಡೂ ತುದಿ ಹಿಡಿದು ಹೊಸೆದು, ಮತ್ತೆ ತಿರುಗಿಸುವುದು. ಆ ತೋರುಬೆರಳಿನ ಪಕ್ಕದಲ್ಲಿ ಎಳೆ ಓಡಿ ಓಡಿ ಒಂದು ಸಣ್ಣ ಗೀರು ಬಿದ್ದಿತ್ತು. ಕೊಬ್ಬರಿ ಎಣ್ಣೆ ಹಚ್ಚಿದರೂ ಹೋಗುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ನೋಡಿ ಚಾಕು ತಾಗಿದೆ ಅಂದುಕೊಂಡಿದ್ದೆ. ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು, ಮುಗಿದು ಹೊಸ ಹಾಸು ಬಂದರೆ, ಹಳೆಯ ಎಳೆಗೆ ಹೊಸ ಎಳೆ ಕೂಡಿಸಿ ಕೆಚ್ಚುವುದಕ್ಕೂ ಅವರೇ ಕೂರುತ್ತಿದ್ದರು. ಒಂದೊಂದೇ ಎಳೆ. ಬೆನ್ನು ಬಗ್ಗಿಸಿ ಕೂತರೆ ಸಂಜೆಗೆ ನೆಟ್ಟಗೆ ಏಳಲಿಕ್ಕೆ ಆಗುತ್ತಿರಲಿಲ್ಲ, ಗೋಡೆ ಹಿಡಿದು ಏಳುತ್ತಿದ್ದರು. ಸಾವಕಾರರು ಕೊಡುವ ಮಜೂರಿ ಮಾತ್ರ ಮಾವನವರ ಹೆಸರಿಗೆ ಬರುತ್ತಿತ್ತು.

ಒಂದು ದಿನದ್ದು ಹೇಳುತ್ತೇನೆ. 2011ರ ಫೆಬ್ರುವರಿ. ಜನಗಣತಿಗೆ ಒಬ್ಬರು ಮೇಷ್ಟ್ರು ಬಂದಿದ್ದರು. ಒಳ್ಳೆಯ ಮನುಷ್ಯರು, ಬಿಸಿಲಲ್ಲಿ ಬಂದಿದ್ದಾರೆ ಅಂತ ನೀರು, ಚಹಾ ಕೊಟ್ಟೆವು. ಯಜಮಾನರ ಕೆಲಸ ಏನ್ರಿ ಅಂದರು. ನೇಕಾರಿಕಿ ಅಂದರು ಮಾವ. ಇವರದು? ಅತ್ತೆ ಅವರ ಎದುರಿಗೇ, ನಾಲ್ಕು ಹೆಜ್ಜೆ ದೂರದಲ್ಲಿ, ರಾಟಿ ತಿರುಗಿಸುತ್ತ ಕೂತಿದ್ದರು. "ಏನಿಲ್ರಿ, ಮನ್ಯಾಗ ಇರ್ತಾಳ" ಅಂದರು ಮಾವ. ಮೇಷ್ಟ್ರು ಬರೆದುಕೊಂಡರು. ರಾಟಿ ನಿಲ್ಲಲಿಲ್ಲ. ಅತ್ತೆಯೂ ಏನೂ ಅನ್ನಲಿಲ್ಲ, ಮೇಷ್ಟ್ರು ಹೊರಟಾಗ "ಚಾ ಪೂರಾ ಕುಡೀರಿ" ಅಂದರು. ನಾನು ಹೊಸ ಸೊಸೆ, ಬಾಯಿ ಬಿಡಲಿಲ್ಲ. ಆ ಮೌನ ಈಗ ನನ್ನನ್ನು ಜಾಸ್ತಿ ಚುಚ್ಚುತ್ತದೆ.

ಆಮೇಲೆ ತಿಳಿದುಕೊಂಡೆ. ಜನಗಣತಿಯ ನಿಯಮದಲ್ಲೇ ಇದೆ, ಮನೆಯ ಹೊಲದಲ್ಲಿ ಅಥವಾ ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದೆ ದುಡಿದರೂ ಅದು ಕೆಲಸವೇ, ಹಾಗೆ ದುಡಿಯುವವರು ಕೆಲಸಗಾರರೇ. ಅಂದರೆ ಅತ್ತೆಯನ್ನು ಅವತ್ತೇ ಕೆಲಸಗಾರಳು ಅಂತ ಬರೆಯಬಹುದಿತ್ತು. ಬರೆಯಬೇಕಿತ್ತು. ನಿಯಮ ಇದ್ದರೂ ಮನೆಯವರು ಹೇಳದಿದ್ದರೆ, ಬಂದವರು ಕೇಳದಿದ್ದರೆ ಏನು ಪ್ರಯೋಜನ? 2027ರ ಜನಗಣತಿ ಬರುತ್ತಿದೆ. ಇಳಕಲ್ಲಿನ, ರಬಕವಿ ಬನಹಟ್ಟಿಯ, ಕಮತಗಿಯ, ನಮ್ಮೂರಿನ ಮಗ್ಗದ ಮನೆಗಳ ಹೆಣ್ಣುಮಕ್ಕಳು ದಯವಿಟ್ಟು ತಾವೇ ಬಾಗಿಲಿಗೆ ಬಂದು ಹೇಳಬೇಕು, ನಾನು ಕಂಡಿಕೆ ಸುತ್ತುತ್ತೇನೆ, ಹಾಸು ಕೆಚ್ಚುತ್ತೇನೆ ಅಂತ.

ಇನ್ನು ರೊಟ್ಟಿ ಬಡಿಯುವುದು, ನೀರು ತುಂಬುವುದು, ಮುಸುರೆ ತಿಕ್ಕುವುದು ಇವುಗಳ ಲೆಕ್ಕ ಬೇರೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ ಅಂತ ಇದೆ. ನಮ್ಮ ಮನೆಯಲ್ಲಿ ಗಂಡಸರದು ಆ 88 ನಿಮಿಷವೂ ಇರಲಿಲ್ಲ.

ಮನೆಯ ಹೊರಗಿನದೂ ಹೇಳಬೇಕು, ಯಾಕೆಂದರೆ ಗೃಹಿಣಿ ಅನ್ನುವ ಮಾತಿನೊಳಗೆ ಅದಂತೂ ಹಿಡಿಸುವುದೇ ಇಲ್ಲ. ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಆಯಿ ಅನ್ನುತ್ತಿದ್ದರು. ಯಾರ ಮನೆಯಲ್ಲಿ ಹೆರಿಗೆ ಆದರೂ ಅಂಟಿನುಂಡಿ ಕಟ್ಟಲಿಕ್ಕೆ ಆಯಿ ಬೇಕು. ಅಂಟು ತುಪ್ಪದಲ್ಲಿ ಅರಳುವಾಗ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಅವರ ಕೈಗೇ ಗೊತ್ತಿತ್ತು. ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ಎರೆಯಲಿಕ್ಕೆ ಆಯಿ ಬೇಕು. ಯಾರ ಮನೆಯಲ್ಲಿ ಹೆಣ್ಣುಮಗಳು ತೀರಿಕೊಂಡರೂ ಮೈತೊಳೆದು ಸೀರೆ ಉಡಿಸಲಿಕ್ಕೆ ಮೊದಲು ಕರೆಯುತ್ತಿದ್ದುದು ಅವರನ್ನೇ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೂ ಸೆರಗು ಹೊದ್ದು ಎದ್ದು ಹೋಗುತ್ತಿದ್ದರು. ವಾಪಸ್ ಬಂದು ಬಚ್ಚಲಿಗೆ ಹೋಗಿ ಸ್ನಾನ ಮಾಡಿ, ಆ ಸತ್ತ ಮನೆಗೆ ಅನ್ನ ಸಾರು ಕಳಿಸಲಿಕ್ಕೆ ಒಲೆ ಹಚ್ಚುತ್ತಿದ್ದರು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದ್ದು ನಿಮಗೆ ನೆನಪಿರಬೇಕು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂದಿತ್ತು, ಹೊಳೆ ದಂಡೆಯ ಹಳ್ಳಿಗಳ ಜನ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದ್ದರು. ಊರೂರಿಂದ ರೊಟ್ಟಿ ಗಂಟು ಹೋಗುತ್ತಿದ್ದವು. ಅತ್ತೆ ನಮ್ಮ ಓಣಿಯ ಹನ್ನೊಂದು ಮನೆಗೆ ತಾವೇ ಹೋಗಿ ಹೇಳಿ ಬಂದರು, ಪ್ರತಿ ಮನೆಯಿಂದ ಐವತ್ತು ರೊಟ್ಟಿ ಬರಬೇಕು, ಮೆತ್ತನ್ನ ರೊಟ್ಟಿ ಬೇಡ, ಈ ಮಳೆಯಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಖಡಕ್ ರೊಟ್ಟಿಯೇ ಆಗಬೇಕು, ಜೊತೆಗೆ ಶೇಂಗಾ ಚಟ್ನಿ ಪುಡಿ. ನಾವೆಲ್ಲ ರೊಟ್ಟಿ ಗಂಟು ಕಟ್ಟಿ ಟೆಂಪೋಗೆ ಏರಿಸಿ ಆಯಿತು ಅಂದುಕೊಂಡೆವು. ಅತ್ತೆ ಡ್ರೈವರ್ ಹತ್ತಿರ ಹೋಗಿ ಕೇಳಿದರು, "ಅಲ್ಲಿ ಬಾಣಂತ್ಯಾರು ಎಷ್ಟ ಮಂದಿ ಅದಾರಪಾ?" ಅವನಿಗೆ ಗೊತ್ತಿರಲಿಲ್ಲ. ಗಾಡಿ ನಿಲ್ಲಿಸಿ ಅಂದು, ಮನೆಗೆ ಬಂದು ತಮ್ಮ ಹಳೆಯ ನೂಲಿನ ಸೀರೆಗಳನ್ನು ಒಗೆದಿಟ್ಟಿದ್ದೆಲ್ಲ ತೆಗೆದು, ಕೂಸುಗಳಿಗೆ ಹಾಸಲಿಕ್ಕೆ ಅಂತ ಹರಿದು ಮಡಚಿ ಕಳಿಸಿದರು. ಹೆಣ್ಣುಮಕ್ಕಳಿಗೆ ತಿಂಗಳಿಗೆ ಬೇಕಾಗುವ ಪ್ಯಾಡ್ ತರಿಸಲಿಕ್ಕೆ ನನ್ನನ್ನು ಮೆಡಿಕಲ್ ಅಂಗಡಿಗೆ ಓಡಿಸಿದರು. ಶಾಲೆಯ ಮೆಟ್ಟಿಲು ಹತ್ತದವರು ಅವರು. ಅಷ್ಟು ಜನ ಸೇರಿದ್ದರೂ ಆ ಮಾತು ಬೇರೆ ಯಾರಿಗೂ ಹೊಳೆದಿರಲಿಲ್ಲ.

ಸ್ತ್ರೀಶಕ್ತಿ ಸಂಘಗಳು ಶುರುವಾದ ಕಾಲದಲ್ಲಿ, ಅಂದರೆ 2000ದ ಆಸುಪಾಸು, ನಮ್ಮ ಓಣಿಯಲ್ಲೂ ಒಂದು ಆಯಿತು. ವಾರಕ್ಕೆ ಹತ್ತು ರೂಪಾಯಿ. ಪುಸ್ತಕ ಬರೆಯುತ್ತಿದ್ದುದು ಹೈಸ್ಕೂಲಿಗೆ ಹೋಗುವ ಒಬ್ಬ ಹುಡುಗಿ. ಯಾರು ಎಷ್ಟು ಕೊಟ್ಟರು, ಯಾರದು ಎಷ್ಟು ವಾರ ಬಾಕಿ ಅನ್ನುವುದು ಅತ್ತೆಯ ತಲೆಯಲ್ಲೇ ಇರುತ್ತಿತ್ತು, ಪುಸ್ತಕ ತಪ್ಪಿದರೂ ಅವರು ತಪ್ಪುತ್ತಿರಲಿಲ್ಲ. ಆ ಹುಡುಗಿಯನ್ನು ಎಸ್ಸೆಸ್ಸೆಲ್ಸಿ ಆದ ಮೇಲೆ ಬಿಡಿಸಿ ಮದುವೆ ಮಾಡಬೇಕು ಅಂತ ಅವಳ ಅಪ್ಪ ಗಂಡು ನೋಡಿದ್ದ. ಅತ್ತೆ ಒಂದು ಬೆಳಿಗ್ಗೆ ಅವರ ಮನೆ ಕಟ್ಟೆಯ ಮೇಲೆ ಹೋಗಿ ಕೂತರು. ಜಗಳ ಇಲ್ಲ, ಬುದ್ಧಿಮಾತೂ ಇಲ್ಲ. ಚಹಾ ತಂದಿಟ್ಟರು, ಮುಟ್ಟಲಿಲ್ಲ. "ಹುಡುಗಿ ಕಾಲೇಜಿಗೆ ಹೋಗ್ತಾಳ ಅಂತ ಹೇಳು, ಆಮ್ಯಾಲ ಕುಡೀತೀನಿ" ಅಂದರು. ಮಧ್ಯಾಹ್ನದ ತನಕ ಕೂತೇ ಇದ್ದರಂತೆ, ಓಣಿಯ ಮಂದಿಯೆಲ್ಲ ನೋಡುತ್ತ ನಿಂತಿದ್ದರಂತೆ, ಕೊನೆಗೆ ಆ ಮನುಷ್ಯನೇ ಮತ್ತೆ ಚಹಾ ಕಾಸಿ ತಂದ. ಆ ಹುಡುಗಿ ಈಗ ನರ್ಸ್. ಅತ್ತೆ ತೀರಿಕೊಂಡ ದಿನ ಡ್ಯೂಟಿ ಬಿಟ್ಟು ಬಂದು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು.

2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ರೇಷನ್ ಕಾರ್ಡಿನಲ್ಲಿ ಅವರು ಮನೆ ಯಜಮಾನಿ. ತಿಂಗಳಿಗೆ 2000 ರೂಪಾಯಿ ಅವರ ಸ್ವಂತ ಖಾತೆಗೆ. ಜೀವನದಲ್ಲಿ ಮೊದಲ ಸಲ ಅವರ ಹೆಸರಿಗೆ ದುಡ್ಡು ಬಂದಿದ್ದು ಅದು. ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು ಆ ದುಡ್ಡು ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ಪೇಪರಿನಲ್ಲಿ ಬಂದಿತ್ತಲ್ಲ, ಅದನ್ನು ನಾನೇ ಓದಿ ಹೇಳಿದ್ದೆ. ಎರಡು ಸಲ ಓದಿಸಿದರು. ಅವರೂ ಕೂಡಿಟ್ಟು ದೊಡ್ಡ ಪಾತ್ರೆಗಳನ್ನು ತಂದರು, ಎರಡು ಬೋಗುಣಿ, ಒಂದು ಪರಾತ, ಸೌಟು, ನಲವತ್ತು ತಟ್ಟೆ. ಓಣಿಯಲ್ಲಿ ಯಾರದೇ ಕಾರ್ಯ ಇದ್ದರೂ ಒಯ್ಯಬಹುದು, ಬಾಡಿಗೆ ಇಲ್ಲ, ತಿಕ್ಕಿ ತಂದಿಟ್ಟರೆ ಸಾಕು. ಅಂಗಡಿಯವನು ಪಾತ್ರೆಗೆ ಯಾರ ಹೆಸರು ಹಾಕಲಿ ಅಂತ ಕೇಳಿದಾಗ ಓಣಿಯ ಹೆಸರು ಹಾಕಿಸಿದರು.

ಇಷ್ಟು ಓದಿ ಯಾರಾದರೂ ತ್ಯಾಗಮಯಿ ಅಂದರೆ ನನಗೆ ಬೇಸರ ಆಗುತ್ತದೆ. ಆ ಮಾತು ನನಗೆ ಬೇಡ. ಅತ್ತೆ ಎಲ್ಲರ ಊಟ ಆದ ಮೇಲೆ ಉಣ್ಣುತ್ತಿದ್ದರು. ಅದನ್ನು ನಾನು ಹೊಗಳುವುದಿಲ್ಲ. ಉಳಿದ ತಂಗಳು ರೊಟ್ಟಿ ಅವರದು, ತಳ ಹತ್ತಿದ ಅನ್ನ ಅವರದು. ಈ ವಿಷಯಕ್ಕೆ ನನಗೂ ಅವರಿಗೂ ಎಷ್ಟೋ ಸಲ ಮಾತು ಬೆಳೆದಿದೆ, ನಾನು ಜೊತೆಗೇ ಕೂತು ಉಣ್ಣೋಣ ಅಂದರೆ "ನಿಂದು ನೀ ಉಣ್ಣು" ಅಂದುಬಿಡುತ್ತಿದ್ದರು, ಹಟ ಜಾಸ್ತಿ. ಹೋದ ವರ್ಷ ಬನದ ಹುಣ್ಣಿಮೆ ಹತ್ತಿರ ಬಂದಾಗ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಡಾಕ್ಟರ ಹತ್ತಿರ ಹೋಗೋಣ ಅಂದೆ. ಬನಶಂಕರಿ ಜಾತ್ರೆ ಮುಗಿಯಲಿ ಅಂದರು. ನಡೆದುಕೊಂಡು ಹೋಗುವವರಿಗೆ ಪ್ರತಿ ವರ್ಷ ನಮ್ಮ ಮನೆಯಿಂದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ ಕೊಡುವ ಪದ್ಧತಿ, ಅದು ತಪ್ಪಬಾರದು ಅಂತ. ಜಾತ್ರೆ ಮುಗಿಯಿತು, ಆಮೇಲೆ ಮಗಳ ಮನೆಯ ಸೀಮಂತ, ಆಮೇಲೆ ಹೊಸ ಹಾಸು ಬಂತು. ಕೊನೆಗೆ ಡಾಕ್ಟರ ಮುಂದೆ ಕೂತಾಗ ಅವರು ಕೇಳಿದ್ದು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ. ಹೃದಯ ದೊಡ್ಡದಾಗಿತ್ತು, ಕಾಲಿಗೆ ನೀರು ತುಂಬಿತ್ತು, ಸಕ್ಕರೆ ಕಾಯಿಲೆ ಯಾವಾಗ ಬಂತೋ ಯಾರಿಗೂ ಗೊತ್ತಿಲ್ಲ. ತ್ಯಾಗ ಅಂತ ಹೊಗಳುವ ಜನ ಅವರನ್ನು ಒಂದು ಸಲ ಕೂಡಿಸಿ ಬಿಪಿ ನೋಡಿಸಿದ್ದರೆ ಸಾಕಾಗಿತ್ತು. ಆ ಜನದಲ್ಲಿ ನಾನೂ ಇದ್ದೇನೆ, ಅವರ ಸ್ವಂತ ಮಕ್ಕಳೂ ಇದ್ದಾರೆ.

ಅವರು ಹೋದ ದಿನ ಉಡಿ ತುಂಬಲಿಕ್ಕೆ ಯಾರೋ ಗಡಿಬಿಡಿಯಲ್ಲಿ ಅಂಗಡಿಯಿಂದ ಖಣ ತಂದರು. ಪವರ್‌ಲೂಮಿನದು, ಪಾಲಿಸ್ಟರ್, ಈಗ ಎಲ್ಲ ಕಡೆ ಅದೇ ಸಿಗುವುದು. ಬೆಳಿಗ್ಗೆಯಿಂದ ಗೋಡೆಗೆ ಒರಗಿ ಕೂತಿದ್ದ ಮಾವನವರು ಅದನ್ನು ನೋಡಿ ಎದ್ದರು. ಮಗ್ಗದ ಮನೆಗೆ ಹೋದರು. ಕತ್ತರಿಯ ಸಪ್ಪಳ ಕೇಳಿಸಿತು. ಮಗ್ಗದ ಮೇಲೆ ನೇಯ್ದಿದ್ದಷ್ಟನ್ನು ಕತ್ತರಿಸಿ ತಂದು ನನ್ನ ಕೈಗೆ ಕೊಟ್ಟರು. "ಇದರ ಹೊಕ್ಕ ಆಕಿ ಸುತ್ತಿದ್ದು" ಅಂದರು. ಅಷ್ಟೇ ಅಂದಿದ್ದು.

ಮೂರನೇ ದಿನದ ಕಾರ್ಯ ಮುಗಿದ ಮೇಲೆ ಸಾವಕಾರರು ಮಾತಾಡಿಸಲಿಕ್ಕೆ ಬಂದರು. ಸ್ವಲ್ಪ ಹೊತ್ತು ಕೂತು, ಹೊರಡುವಾಗ ಬಾಗಿಲಲ್ಲಿ ನಿಂತು, ಉಳಿದ ಖಣ ಯಾವಾಗ ಆದೀತು ಅಂತ ಮೆಲ್ಲಗೆ ಕೇಳಿದರು. ಮಾವನವರು ಹೇಳಿದರು, "ಆಗೂದಿಲ್ರಿ. ಕಂಡಿಕಿ ಸುತ್ತೋರು ಹೋದರಲ್ಲ." ಜನಗಣತಿಯ ಮೇಷ್ಟ್ರಿಗೆ ಏನಿಲ್ಲ, ಮನ್ಯಾಗ ಇರ್ತಾಳ ಅಂದಿದ್ದ ಅದೇ ಮನುಷ್ಯ. ಅವತ್ತಿನಿಂದ ನಮ್ಮ ಮಗ್ಗ ನಿಂತಿದೆ. ಏನೂ ಕೆಲಸ ಇಲ್ಲದ ಗೃಹಿಣಿಯೊಬ್ಬರು ತೀರಿಕೊಂಡರೆ ಮಗ್ಗ ಯಾಕೆ ನಿಲ್ಲಬೇಕು, ನೀವೇ ಹೇಳಿ.

ಸಂಪಾದಕರೇ, ನಮ್ಮ ಜಿಲ್ಲೆಯಲ್ಲೇ ಕೂಡಲಸಂಗಮ ಇದೆ. ಹನ್ನೆರಡನೇ ಶತಮಾನದ ಶರಣೆಯರ ಹೆಸರು ಒಮ್ಮೆ ನೆನೆಸಿಕೊಳ್ಳಿ. ಕದಿರ ರೆಮ್ಮವ್ವೆ, ನೂಲುವವಳು. ಕೊಟ್ಟಣದ ಸೋಮವ್ವೆ, ಭತ್ತ ಕುಟ್ಟುವವಳು. ಆಯ್ದಕ್ಕಿ ಲಕ್ಕಮ್ಮ, ಗಂಡನ ಜೊತೆ ಚೆಲ್ಲಿದ ಅಕ್ಕಿ ಆಯುವ ಕಾಯಕದವಳು. ಎಂಟುನೂರು ವರ್ಷಕ್ಕೂ ಹಿಂದೆ ಅವರ ಕೆಲಸವನ್ನು ಅವರ ಹೆಸರಿಗೇ ಕಟ್ಟಿ ಇಟ್ಟರು ನಮ್ಮ ಜನ, ಇವತ್ತಿಗೂ ಹಾಗೇ ಕರೆಯುತ್ತೇವೆ. ನೂಲುವುದೂ ಭತ್ತ ಕುಟ್ಟುವುದೂ ಮನೆಯೊಳಗಿನ ಕೆಲಸವೇ ಅಲ್ವಾ? ಕದಿರು ಹಿಡಿದ ರೆಮ್ಮವ್ವೆಗೆ ಸಿಕ್ಕ ಮರ್ಯಾದೆ, ಕದಿರಿನ ಮುಂದೆ ಐವತ್ತು ವರ್ಷ ಕೂತ ನಮ್ಮ ಅತ್ತೆಗೆ ನಿಮ್ಮ ಕಾಲಂನಲ್ಲಿ ಒಂದು ಶಬ್ದದಷ್ಟಾದರೂ ಸಿಗಬೇಕು ಅಂತ ನನ್ನ ಆಸೆ.

ಕೇಳುವುದು ಜಾಸ್ತಿ ಏನಿಲ್ಲ. ಹೆಣ್ಣುಮಕ್ಕಳ ನಿಧನ ಸುದ್ದಿ ಕೊಡಲಿಕ್ಕೆ ಬಂದವರಿಗೆ ನಿಮ್ಮ ವರದಿಗಾರರು ಒಂದು ಪ್ರಶ್ನೆ ಕೇಳಲಿ, ಇವರು ಏನು ಮಾಡುತ್ತಿದ್ದರು ಅಂತ. ಮನೆಯವರು ಏನಿಲ್ಲ ಅಂದರೆ ಇನ್ನೊಂದು ಸಲ ಕೇಳಲಿ. ಯಾರಾದರೂ ಒಬ್ಬರು ಹೇಳುತ್ತಾರೆ. ಬದನೆಕಾಯಿ ಮಾರುತ್ತಿದ್ದರು, ಎಮ್ಮೆ ಕಟ್ಟಿದ್ದರು, ಕಳೆ ತೆಗೆಯಲಿಕ್ಕೆ ಹೋಗುತ್ತಿದ್ದರು, ಸೋಬಾನೆ ಪದ ಹಾಡುತ್ತಿದ್ದರು, ಓಣಿಯ ಕೂಸುಗಳನ್ನೆಲ್ಲ ಎರೆದವರು. ಅದನ್ನೇ ಬರೆಯಿರಿ. ಸುದ್ದಿ ಕೊಡುವ ಮನೆಯವರಿಗೂ ನನ್ನದು ಅದೇ ಮಾತು, ಅಪಾರ ಬಂಧು ಬಳಗ ಅನ್ನುವ ಸಾಲು ಬಿಟ್ಟರೂ ನಡೆಯುತ್ತದೆ, ಆ ಜಾಗದಲ್ಲಿ ಅವರ ಕೆಲಸ ಬರೆಸಿ.

ವರ್ಷದ ಪುಣ್ಯಸ್ಮರಣೆಗೆ ನಾವು ನಿಮ್ಮ ಕಚೇರಿಗೆ ಜಾಹೀರಾತು ತರುತ್ತೇವೆ. ಅದನ್ನು ಮೊನ್ನೆ ರಾತ್ರಿಯೇ ಬರೆದಿಟ್ಟು ಮಾವನವರಿಗೆ ಓದಿ ಹೇಳಿದೆ. ಹೆಸರಿನ ಕೆಳಗೆ ಹೀಗಿದೆ: ಐವತ್ತು ವರ್ಷ ಖಣದ ಮಗ್ಗಕ್ಕೆ ಕಂಡಿಕೆ ಸುತ್ತಿದವರು, ಹಾಸು ಕೆಚ್ಚಿದವರು, ಓಣಿಯ ಬಾಣಂತಿಯರಿಗೂ ಕೂಸುಗಳಿಗೂ ಆಯಿ, ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿದವರು. ಮಾವನವರು ಕೇಳಿ ಸ್ವಲ್ಪ ಹೊತ್ತು ಸುಮ್ನೆ ಇದ್ದು, "ನೇಕಾರಳು ಅಂತ ಮೊದಲ ಹಾಕು" ಅಂದರು. ಹಾಕಿದ್ದೇನೆ. ಸಾಲು ಜಾಸ್ತಿ ಆಯಿತು ಅಂತ ನಿಮ್ಮವರು ಕತ್ತರಿಸಬಾರದು, ಹೆಚ್ಚಿನ ಸಾಲಿಗೆ ಎಷ್ಟಾಗುತ್ತದೋ ಅಷ್ಟು ದುಡ್ಡು ಕೊಡುತ್ತೇವೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ,
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ